ಎಂಬತ್ತರ ಪಕ್ಕದ ಇಪ್ಪತ್ತು

(ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳ ಪ್ರೌಢಶಾಲಾ ಹಾಗೂ ಪದವಿಪೂರ್ವ ಶಿಕ್ಷಕರ ವಿಚಾರಗೋಷ್ಠಿಯ ಆಶಯ ಭಾಷಣ)

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ 625 ಅಂಕಗಳಲ್ಲಿ ಪರೀಕ್ಷಾ ಕೊಠಡಿಯಲ್ಲಿ ಹುಟ್ಟುವುದು 500 ಮಾತ್ರ. ಉಳಿದ 125 ಶಾಲೆಯಲ್ಲೇ, ವರ್ಷವಿಡೀ ನಡೆಯುವ ಪಾಠದ ನಡುವೆ, ವಿಷಯ ಶಿಕ್ಷಕರ ಕೈಯಿಂದ ಬರುತ್ತವೆ. ಪ್ರಥಮ ಭಾಷೆಯ 125ರಲ್ಲಿ 25, ಉಳಿದ ಐದು ವಿಷಯಗಳ ತಲಾ 100ರಲ್ಲಿ 20. ಕಡತದಲ್ಲಿ ಇದರ ಹೆಸರು ಆಂತರಿಕ ಮೌಲ್ಯಮಾಪನ. ಬಸವಕಲ್ಯಾಣದ ಮಕ್ಕಳಿಗೂ ಹುಮನಾಬಾದಿನ ಮಕ್ಕಳಿಗೂ ಅದು ಬರಿ ‘ಇಂಟರ್ನಲ್’. ಈ ಐದನೇ ಒಂದು ಪಾಲು ಹೇಗೆ ಸಿದ್ಧವಾಗುತ್ತದೆ, ಅಂತಿಮ ಮೊತ್ತಕ್ಕೆ ಹೇಗೆ ಸೇರುತ್ತದೆ, ಸೇರಿದ ಮೇಲೆ ನಿಜವಾಗಿ ಎಷ್ಟು ತೂಗುತ್ತದೆ ಎಂಬುದು ಗೋಷ್ಠಿಯ ಮುಂದಿರುವ ವಿಷಯ. ಮೂರನೆಯ ಪ್ರಶ್ನೆಗೆ ಎಲ್ಲರೂ ಕೊಡುವ ಉತ್ತರ ಶೇ 20. ಆ ಉತ್ತರ ಕಾಗದದ ಮೇಲೆ ಸರಿ, ಲೆಕ್ಕದಲ್ಲಿ ತಪ್ಪು.

ಮೊದಲು ಅಂಕ ಸಿದ್ಧವಾಗುವ ಬಗೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ, ಅಂದರೆ ಸಿಸಿಇ, ಹತ್ತನೇ ತರಗತಿಗೆ 2014–15ರಲ್ಲಿ ಬಂತು. ಅದಕ್ಕೂ ಮೊದಲು ವಿಷಯವೊಂದರ ನೂರಕ್ಕೆ ನೂರೂ ಲಿಖಿತ ಪರೀಕ್ಷೆಯದೇ. ಸಿಸಿಇ ಕ್ರಮದಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳು, ಶಿಕ್ಷಕರ ಮಾತಿನಲ್ಲಿ ಎಫ್‌ಎ 1ರಿಂದ ಎಫ್‌ಎ 4. ಒಂದೊಂದಕ್ಕೂ 50 ಅಂಕ: ತಲಾ 15ರ ಎರಡು ಚಟುವಟಿಕೆ, 20ರ ಒಂದು ಕಿರುಪರೀಕ್ಷೆ. ನಾಲ್ಕೂ ಸೇರಿ 200. ಅದನ್ನು ಹತ್ತರಿಂದ ಭಾಗಿಸಿದರೆ 20. ಪ್ರಥಮ ಭಾಷೆಗೆ ಎಂಟರಿಂದ ಭಾಗಿಸಿದರೆ 25. ಚಟುವಟಿಕೆಯ ಸಾಕ್ಷ್ಯ ಕೃತಿಸಂಪುಟದಲ್ಲಿ ಉಳಿಯಬೇಕು, ಅಂಕ ಶಿಕ್ಷಕರ ಅಂಕವಹಿಯಿಂದ ಕ್ರೋಢೀಕೃತ ಅಂಕವಹಿಗೆ ಏರಬೇಕು, ಅಲ್ಲಿಂದ ಮುಖ್ಯ ಶಿಕ್ಷಕರ ಮೂಲಕ ಆನ್‌ಲೈನ್‌ನಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಹೋಗಬೇಕು. ಸಂಕಲನಾತ್ಮಕ ಮೌಲ್ಯಮಾಪನಕ್ಕೆ ಹತ್ತನೇ ತರಗತಿಯ ಈ ಇಪ್ಪತ್ತರಲ್ಲಿ ಜಾಗವಿಲ್ಲ.

ಭಾಗಾಕಾರದ ಹಂತದಲ್ಲೇ ಒಂದು ಸೂಕ್ಷ್ಮವಿದೆ. ಇನ್ನೂರರಲ್ಲಿ 186 ಪಡೆದವಳೂ 194 ಪಡೆದವನೂ ಪೂರ್ಣಾಂಕಕ್ಕೆ ತಂದಾಗ ಒಂದೇ 19ಕ್ಕೆ ಬಂದು ನಿಲ್ಲುತ್ತಾರೆ. ವರ್ಷವಿಡೀ ದುಡಿದು ಗಳಿಸಿದ ಎಂಟು ಅಂಕಗಳ ವ್ಯತ್ಯಾಸ ಅಲ್ಲಿಗೆ ಕರಗಿತು. ಹಾಗೆಯೇ ಇನ್ನೂರರಲ್ಲಿ 120 ಚಟುವಟಿಕೆಯ ಪಾಲು, 80 ಕಿರುಪರೀಕ್ಷೆಯ ಪಾಲು. ಇಪ್ಪತ್ತಕ್ಕೆ ಇಳಿಸಿದರೆ ಚಟುವಟಿಕೆಗೆ 12, ಪರೀಕ್ಷೆಗೆ 8. ಶಾಲೆಯ ಕೆಲಸಕ್ಕೆಂದೇ ಮೀಸಲಾದ ಇಪ್ಪತ್ತರಲ್ಲೂ ಐದರಲ್ಲಿ ಎರಡು ಪಾಲು ಮತ್ತೆ ಪ್ರಶ್ನೆಪತ್ರಿಕೆಗೇ ಸಲ್ಲುತ್ತದೆ.

ದ್ವಿತೀಯ ಪಿಯುಸಿಯಲ್ಲಿ ಇದೇ ಪದ್ಧತಿ ತಡವಾಗಿ ಬಂತು. ವಿಜ್ಞಾನದ ಪ್ರಯೋಗಾಲಯ ವಿಷಯಗಳಿಗೆ 70 ಲಿಖಿತ, 30 ಪ್ರಾಯೋಗಿಕ ಎಂಬುದು ಹಳೆಯ ರೂಢಿ. ಭಾಷೆ, ಕಲೆ, ವಾಣಿಜ್ಯ ಮೊದಲಾದ ಪ್ರಯೋಗಾಲಯವಿಲ್ಲದ ವಿಷಯಗಳಿಗೆ 80 ಲಿಖಿತ, 20 ಆಂತರಿಕ ಎಂಬ ವಿಂಗಡಣೆ 2023–24ರಿಂದ ಜಾರಿಗೆ ಬಂದಿದೆ. ಅಲ್ಲಿನ ಇಪ್ಪತ್ತು ಕಿರುಪರೀಕ್ಷೆ, ಮಧ್ಯವಾರ್ಷಿಕ ಪರೀಕ್ಷೆ ಮತ್ತು ಪ್ರಾಜೆಕ್ಟ್ ಕೆಲಸಗಳ ನಡುವೆ ಹಂಚಿಕೆಯಾಗುತ್ತದೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಕಲಿಸುವ ಉಪನ್ಯಾಸಕರಿಗೆ ಇದು ಹೊಸ ಕೆಲಸ. ಪ್ರಯೋಗಾಲಯದ ಸಹೋದ್ಯೋಗಿಗಳಿಗೆ ಇರುವ ದೀರ್ಘ ಅಭ್ಯಾಸ ಅವರಿಗಿಲ್ಲ.

ಶಾಲೆಯ ಅಂಕಕ್ಕೆ ಅಂತಿಮ ಫಲಿತಾಂಶದಲ್ಲಿ ಜಾಗ ಕೊಡಬೇಕೆಂಬ ಮಾತು ಸಿಸಿಇಗಿಂತ ಬಹಳ ಹಳೆಯದು. 1952–53ರ ಮುದಲಿಯಾರ್ ಆಯೋಗ ಒಂದೇ ಅಂತಿಮ ಪರೀಕ್ಷೆಯ ಮೇಲೆ ನಿಂತ ವ್ಯವಸ್ಥೆಯನ್ನು ಟೀಕಿಸಿ, ಶಾಲಾ ದಾಖಲೆಗಳಿಗೂ ಬೆಲೆ ಬರಬೇಕೆಂದಿತು. 1964–66ರ ಕೊಠಾರಿ ಆಯೋಗ ಆಂತರಿಕ ಮೌಲ್ಯಮಾಪನವನ್ನು ಬಲವಾಗಿ ಬೆಂಬಲಿಸಿತು, ಆದರೆ ಒಂದು ಷರತ್ತಿನ ಮೇಲೆ: ಶಾಲೆಯ ಅಂಕವನ್ನು ಮಂಡಳಿಯ ಅಂಕದೊಂದಿಗೆ ಕೂಡಿಸಬಾರದು, ಎರಡನ್ನೂ ಬೇರೆ ಬೇರೆಯಾಗಿ ತೋರಿಸಬೇಕು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ‘ನಿರಂತರ, ವ್ಯಾಪಕ’ ಎಂಬ ಜೋಡಿ ಮಾತನ್ನು ಚಲಾವಣೆಗೆ ತಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಾಥಮಿಕ ಹಂತಕ್ಕೆ ಅದನ್ನು ಕಾನೂನಾಗಿಸಿತು. ಈ ದಾರಿಯಲ್ಲಿ ಕೊಠಾರಿ ಆಯೋಗದ ಷರತ್ತು ಮಾತ್ರ ಎಲ್ಲೋ ಕಳಚಿ ಬಿತ್ತು. ಆಯೋಗದ ಹೆಸರನ್ನು ತರಬೇತಿಗಳಲ್ಲಿ ಇಂದಿಗೂ ನೆನೆಯುತ್ತಾರೆ, ಷರತ್ತನ್ನು ನೆನೆಯುವವರು ಅಪರೂಪ.

ಇನ್ನು ತೂಕದ ವಿಚಾರ. ಒಂದು ಭಾಗಕ್ಕೆ ನಿಗದಿಯಾದ ಗರಿಷ್ಠ ಅಂಕ ಬೇರೆ, ಮಕ್ಕಳನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸುವಲ್ಲಿ ಆ ಭಾಗ ವಹಿಸುವ ಪಾತ್ರ ಬೇರೆ. ಎರಡನೆಯದನ್ನು ನಿರ್ಧರಿಸುವುದು ಅಂಕಗಳ ಹರವು, ಅಂದರೆ ಅತಿ ಕಡಿಮೆ ಅಂಕದಿಂದ ಅತಿ ಹೆಚ್ಚಿನ ಅಂಕದವರೆಗೆ ಅವು ಎಷ್ಟು ಚಾಚಿಕೊಂಡಿವೆ ಎಂಬುದು. ಕಲ್ಪನೆಗೆ ಒಂದು ತರಗತಿಯನ್ನು ತೆಗೆದುಕೊಳ್ಳಬಹುದು. ಸಮಾಜ ವಿಜ್ಞಾನದ ಲಿಖಿತ ಪರೀಕ್ಷೆಯಲ್ಲಿ ಮಕ್ಕಳ ಅಂಕ 20ರಿಂದ 72ರವರೆಗೆ ಹರಡಿದೆ. ಅದೇ ಮಕ್ಕಳ ಆಂತರಿಕ ಅಂಕ 17ರಿಂದ 20ರ ಒಳಗೆ ಒತ್ತಿಕೊಂಡಿದೆ. ಮೊದಲಿನವಳಿಗೂ ಕೊನೆಯವನಿಗೂ ನಡುವಿನ ಒಟ್ಟು ಅಂತರ 55 ಅಂಕವಾದರೆ, ಅದರಲ್ಲಿ 52 ಲಿಖಿತದಿಂದ ಬಂದದ್ದು, 3 ಆಂತರಿಕದಿಂದ. ಐದನೇ ಒಂದು ಪಾಲು ಎಂದು ಹೆಸರಾದದ್ದು ಇಲ್ಲಿ ಮಾಡುತ್ತಿರುವ ಕೆಲಸ ಶೇ 5ಕ್ಕಿಂತ ತುಸು ಹೆಚ್ಚು. ಇಡೀ ತರಗತಿಗೆ 20ಕ್ಕೆ 20 ಬಿದ್ದರೆ ಆ ಪಾಲು ಸೊನ್ನೆ; ಎಲ್ಲರ ಮೊತ್ತವೂ ಇಪ್ಪತ್ತು ಮೇಲೇರುತ್ತದೆ, ಯಾರ ಸ್ಥಾನವೂ ಕದಲುವುದಿಲ್ಲ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಒಬ್ಬ ಶಿಕ್ಷಕಿ ತನ್ನ ತರಗತಿಗೆ ಪ್ರಾಮಾಣಿಕವಾಗಿ 8ರಿಂದ 19ರವರೆಗೆ ಅಂಕ ಹಂಚಿದರೆ ಆಂತರಿಕ ಭಾಗಕ್ಕೆ ಜೀವ ಬರುತ್ತದೆ. ಆದರೆ ಪಕ್ಕದ ಶಾಲೆಯ 17ರ ಮುಂದೆ ಆಕೆಯ 8 ಮಗುವಿಗೆ ದಂಡವಾಗುತ್ತದೆ. ಕಟ್ಟುನಿಟ್ಟಾಗಿ ಅಳೆದ ಶಾಲೆಯೇ ನಷ್ಟ ಹೊರುವ ಏರ್ಪಾಡು ಇದು. ಇಂಥಲ್ಲಿ ಅಂಕಗಳೆಲ್ಲ ಮೇಲಿನ ತುದಿಗೆ ಹೋಗಿ ಕೂರುವುದಕ್ಕೆ ಶಿಕ್ಷಕರ ಸಡಿಲತನವನ್ನಷ್ಟೇ ಕಾರಣವೆನ್ನುವುದು ಅನ್ಯಾಯ.

ಹಾಗೆಂದು ಆಂತರಿಕ ಅಂಕ ನಿಷ್ಪ್ರಯೋಜಕ ಎಂದು ತೀರ್ಮಾನಿಸುವಂತಿಲ್ಲ. ಅದು ನಡುವಿನ ಬಹುಸಂಖ್ಯೆಯ ಮಕ್ಕಳ ವಿಷಯದಲ್ಲಿ ಮೌನವಾಗಿರುತ್ತದೆ, ಎರಡು ತುದಿಗಳಲ್ಲಿ ಮಾತ್ರ ಗಟ್ಟಿಯಾಗಿ ಮಾತಾಡುತ್ತದೆ.

ಕೆಳತುದಿ ಎಂದರೆ ಪಾಸಿನ ಗೆರೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ನಿಯಮದಂತೆ ಎಸ್‌ಎಸ್‌ಎಲ್‌ಸಿಯಲ್ಲಿ ಉತ್ತೀರ್ಣರಾಗಲು ಆಂತರಿಕ ಮತ್ತು ಲಿಖಿತ ಎರಡೂ ಸೇರಿ ಶೇ 33, ಅಂದರೆ 625ಕ್ಕೆ 206 ಬೇಕು. ಪಿಯುಸಿಯಲ್ಲಿ 600ಕ್ಕೆ 198. ಹಿಂದಿನ ಗೆರೆ ಶೇ 35. ಒಟ್ಟು ಮೊತ್ತದ ಲೆಕ್ಕವಷ್ಟನ್ನೇ ಹಿಡಿದರೆ, ಆಂತರಿಕದಲ್ಲಿ 125ಕ್ಕೆ 125 ಪಡೆದ ವಿದ್ಯಾರ್ಥಿಗೆ ಲಿಖಿತದ 500ರಲ್ಲಿ ಉಳಿಯುವ ಅಗತ್ಯ 81 ಅಂಕ, ಶೇ 16ರ ಆಸುಪಾಸು. ಆಂತರಿಕದಲ್ಲಿ 60 ಮಾತ್ರ ಸಿಕ್ಕ ವಿದ್ಯಾರ್ಥಿಗೆ ಅದೇ 500ರಲ್ಲಿ 146 ಬೇಕು. ಒಂದೇ ಊರಿನ, ಒಂದೇ ಮಟ್ಟದ ಇಬ್ಬರು ಮಕ್ಕಳಲ್ಲಿ ಒಬ್ಬ ಗೆರೆಯ ಈಚೆ, ಒಬ್ಬ ಆಚೆ ನಿಲ್ಲುವುದಕ್ಕೆ ಇಷ್ಟು ಸಾಕು. ಫಲಿತಾಂಶದ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕೆಳಸಾಲಿನಲ್ಲೇ ಕಾಣುತ್ತ ಬಂದಿವೆ. ಇಂಥ ಕಡೆ ಗೆರೆಯ ಅಕ್ಕಪಕ್ಕ ನಿಂತ ಮಕ್ಕಳ ಗುಂಪು ದೊಡ್ಡದು, ಆದ್ದರಿಂದ ಆಂತರಿಕ ಅಂಕದ ಪರಿಣಾಮವೂ ಇಲ್ಲಿ ಉಡುಪಿ, ಮಂಗಳೂರುಗಳಿಗಿಂತ ದೊಡ್ಡದು.

ಮೇಲುತುದಿಯಲ್ಲಿ ಒಂದೊಂದು ಅಂಕಕ್ಕೂ ಕಾದಾಟ. 625ಕ್ಕೆ 625 ಬರಬೇಕಾದರೆ ಆರೂ ವಿಷಯಗಳ ಆಂತರಿಕ ಅಂಕ ಪೂರ್ತಿ ಇರಲೇಬೇಕು. ಸುದ್ದಿಯಾಗುವ ಈ ಮಕ್ಕಳಿಗಿಂತ ಗಂಭೀರವಾದದ್ದು ಸುದ್ದಿಯಾಗದ ಒಂದು ಸಂಗತಿ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಬೇರೆ ಪರೀಕ್ಷೆಯಿಲ್ಲ, ಹತ್ತನೇ ತರಗತಿಯ ಅಂಕವೇ ಆಯ್ಕೆಯ ಆಧಾರ, ಶೇಕಡಾವಾರನ್ನು ದಶಮಾಂಶದ ನಾಲ್ಕು ಸ್ಥಾನದವರೆಗೆ ಲೆಕ್ಕ ಹಾಕುತ್ತಾರೆ. ಗ್ರಾಮ ಲೆಕ್ಕಿಗರ ನೇಮಕಾತಿಯೂ ಸ್ಪರ್ಧಾತ್ಮಕ ಪರೀಕ್ಷೆ ಬರುವವರೆಗೆ ಪಿಯುಸಿ ಅಂಕದ ಮೇಲೆಯೇ ನಡೆಯುತ್ತಿತ್ತು. ಹುಲಸೂರಿನ ಅಥವಾ ಚಿಟಗುಪ್ಪದ ಹಳ್ಳಿಯೊಂದರ ಹುಡುಗಿಗೆ ಊರ ಹತ್ತಿರದ ಅಂಚೆ ಕಚೇರಿಯ ಕೆಲಸ ಸಿಗುವುದೋ ಬಿಡುವುದೋ ಎಂಬುದು ಎಫ್‌ಎ 3ರ ಒಂದು ಚಟುವಟಿಕೆಗೆ ಬಿದ್ದ ಅಂಕದಲ್ಲಿ ಅಡಗಿರಬಹುದು. ಅಂಕವಹಿಯ ಮುಂದೆ ಕೂತು ಒಂದೇ ಉಸಿರಿಗೆ ಕಾಲಂ ತುಂಬುವಾಗ ಇದು ನೆನಪಿಗೆ ಬರುವುದು ಕಷ್ಟ.

ಶಾಲೆಯ ಅಂಕಕ್ಕೆ ಹೆಚ್ಚಿನ ಭಾರ ಹೊರಿಸಿದರೆ ಏನಾಗುತ್ತದೆ ಎಂಬ ಪ್ರಯೋಗವೂ ಬೇಡದೆಯೇ ನಡೆದುಹೋಗಿದೆ. 2021ರಲ್ಲಿ ಕೋವಿಡ್ ಕಾರಣಕ್ಕೆ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್‌ಎಸ್‌ಎಲ್‌ಸಿ ಅಂಕಕ್ಕೆ ಶೇ 45, ಪ್ರಥಮ ಪಿಯುಸಿ ಅಂಕಕ್ಕೆ ಶೇ 45, ದ್ವಿತೀಯ ಪಿಯುಸಿಯ ಆಂತರಿಕ ಕೆಲಸಕ್ಕೆ ಶೇ 10 ಎಂಬ ಸೂತ್ರದಲ್ಲಿ ಫಲಿತಾಂಶ ಕಟ್ಟಿದರು. ಹೊಸ ವಿದ್ಯಾರ್ಥಿಗಳೆಲ್ಲ ಉತ್ತೀರ್ಣರಾದರು. 2,239 ಮಂದಿಗೆ 600ಕ್ಕೆ 600 ಬಂತು. ಅದೇ ವರ್ಷ ಸಿಬಿಎಸ್‌ಇ ಶಾಲೆಗಳು ತಾವೇ ಅಂಕ ಹಾಕಿಕೊಳ್ಳುವಂತಾದಾಗ, ಆ ಮಂಡಳಿ ಒಂದು ಕಡಿವಾಣ ಇಟ್ಟಿತ್ತು: ಹಿಂದಿನ ಮೂರು ವರ್ಷಗಳಲ್ಲಿ ಶಾಲೆಯ ಅತ್ಯುತ್ತಮ ಫಲಿತಾಂಶದ ವರ್ಷವನ್ನು ಅಳತೆಗೋಲಾಗಿ ಹಿಡಿದು, ಈ ವರ್ಷದ ಅಂಕ ಅದರ ಆಸುಪಾಸಿನಲ್ಲೇ ಇರಬೇಕೆಂದಿತು. ಎಲ್ಲ ಅಂಕವೂ ಶಾಲೆಯ ಕೈಗೆ ಬಂದ ದಿನವೇ ಶಾಲೆಯ ಮೇಲೆ ಅಪನಂಬಿಕೆಯ ಯಂತ್ರವೂ ಬಂತು. ಹಾಗೆ ನೋಡಿದರೆ, ಒಳ್ಳೆಯ ಶಾಲೆಯಾಗಲು ಅದೇ ವರ್ಷ ಆರಂಭಿಸಿದ್ದ ಬಡ ಶಾಲೆಯೊಂದು ತನ್ನ ಹಳೆಯ ಫಲಿತಾಂಶಕ್ಕೆ ಕಟ್ಟಿಬಿದ್ದದ್ದೂ ನಿಜ.

ಲಿಖಿತ ಪರೀಕ್ಷೆಯ ಕಡೆ ಬಿಗಿ ಹೆಚ್ಚಿದೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕ್ಯಾಸ್ಟಿಂಗ್ ಬಂದ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಹೆಚ್ಚಿಸಿದ ಮೇಲೆ. ಕ್ಯಾಮೆರಾ ಲಿಖಿತದ ಎಂಬತ್ತನ್ನು ಕಾಯುತ್ತದೆ, ಆಂತರಿಕದ ಇಪ್ಪತ್ತಕ್ಕೆ ಅಂಥ ಕಾವಲು ಇಲ್ಲ. ಒಂದು ಪಾಲು ಬಿಗಿಯಾದಂತೆ ಇನ್ನೊಂದರ ಮೇಲೆ ಒತ್ತಡ ಏರುವುದು ಸಹಜ. ಶೇಕಡಾವಾರು ಫಲಿತಾಂಶಕ್ಕಾಗಿ ಜಿಲ್ಲೆಯಿಂದ ತಾಲೂಕಿಗೆ, ತಾಲೂಕಿನಿಂದ ಮುಖ್ಯ ಶಿಕ್ಷಕರಿಗೆ ನೋಟಿಸು ಇಳಿಯುವ ವ್ಯವಸ್ಥೆಯಲ್ಲಿ ಇಪ್ಪತ್ತು ಅಂಕ ಶಾಲೆಯ ಬಳಿ ಉಳಿದಿರುವ ಏಕೈಕ ಆಸರೆ.

ಇಷ್ಟು ರಾಜ್ಯಕ್ಕೆಲ್ಲ ಅನ್ವಯಿಸುವ ಮಾತು. ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಇದರ ಮೇಲೆ ಇನ್ನೂ ಕೆಲವು ಪದರಗಳಿವೆ. ಮೊದಲನೆಯದು ಭಾಷೆ. 1948ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯ ಸೇರಿದ ಬೀದರ್ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ಮಾಧ್ಯಮದ ಶಾಲೆಗಳು ಒಂದೇ ಊರಿನಲ್ಲಿ ಅಕ್ಕಪಕ್ಕ ನಡೆಯುತ್ತವೆ. ಲಿಖಿತ ಉತ್ತರಪತ್ರಿಕೆ ಊರಾಚೆಯ ಮೌಲ್ಯಮಾಪನ ಕೇಂದ್ರದಲ್ಲಿ ಆಯಾ ಭಾಷೆಯ ಶಿಕ್ಷಕರ ಮುಂದೆ ಬರುತ್ತದೆ. ಕೃತಿಸಂಪುಟಕ್ಕೆ ಆ ಭಾಗ್ಯವಿಲ್ಲ. ಮರಾಠಿ ಅಥವಾ ಉರ್ದುವಿನಲ್ಲಿ ಬರೆದ ವಿಜ್ಞಾನದ ಚಟುವಟಿಕೆಯನ್ನು ಪರಿಶೀಲಿಸಬೇಕಾದ ಅಧಿಕಾರಿಗೆ ಆ ಲಿಪಿ ಓದಲು ಬಾರದಿದ್ದರೆ ಪರಿಶೀಲನೆ ಪುಟಗಳ ಎಣಿಕೆಯಾಗಿ ಮುಗಿಯುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದ ಕನ್ನಡ ಎಲ್ಲ ಮಾಧ್ಯಮಗಳಿಗೂ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಬಂದ ಮೇಲೆ ಇನ್ನೊಂದು ವ್ಯತ್ಯಾಸ ಸೇರಿದೆ. ಕನ್ನಡ ಪ್ರಥಮ ಭಾಷೆಯಾದರೆ ಆಂತರಿಕಕ್ಕೆ 25, ದ್ವಿತೀಯವಾದರೆ 20. ಮನೆಯಲ್ಲಿ ದಖನಿ ಮಾತಾಡಿ, ಶಾಲೆಯಲ್ಲಿ ಉರ್ದು ಓದಿ, ಪೇಟೆಯಲ್ಲಿ ಕನ್ನಡ ಆಡುವ ಹುಡುಗನ ಕನ್ನಡದ ಮಾತುಗಾರಿಕೆ ಬರವಣಿಗೆಗಿಂತ ಎಷ್ಟೋ ಮುಂದಿರುತ್ತದೆ. ಅಂಥವನಿಗೆ ಮೌಖಿಕ ಚಟುವಟಿಕೆಯೇ ನ್ಯಾಯ ಒದಗಿಸುವ ಜಾಗ. ಆದರೆ ದಾಖಲೆ ಇಡಲು ಸುಲಭವೆಂದು ಚಟುವಟಿಕೆಗಳೆಲ್ಲ ಬರವಣಿಗೆಯ ರೂಪಕ್ಕೇ ಹೊರಳುತ್ತವೆ.

ಎರಡನೆಯದು ಗುಳೆ. ತಾಂಡಾಗಳಿಂದ, ಒಣಬೇಸಾಯದ ಹಳ್ಳಿಗಳಿಂದ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ, ಕಟ್ಟಡ ಕೆಲಸಕ್ಕೆ ಹೈದರಾಬಾದ್, ಪುಣೆ, ಮುಂಬೈಗಳ ಕಡೆ ಹೋಗುತ್ತವೆ. ಕಬ್ಬು ಅರೆಯುವ ಹಂಗಾಮು ದೀಪಾವಳಿಯ ಸುಮಾರಿಗೆ ಆರಂಭವಾಗಿ ಬೇಸಿಗೆಯ ಮೊದಲ ದಿನಗಳವರೆಗೆ ಸಾಗುತ್ತದೆ. ಎಫ್‌ಎ 3, ಎಫ್‌ಎ 4 ನಡೆಯುವುದೂ ಅದೇ ತಿಂಗಳುಗಳಲ್ಲಿ. ಹತ್ತನೇ ತರಗತಿಯ ಮಗುವನ್ನು ಅಜ್ಜಿಯ ಬಳಿ ಬಿಟ್ಟು ಹೋಗುವ ತಂದೆತಾಯಿಗಳೂ ಇದ್ದಾರೆ, ಜೊತೆಗೇ ಕರೆದೊಯ್ಯುವವರೂ ಇದ್ದಾರೆ. ಮಾರ್ಚ್‌ನಲ್ಲಿ ಮರಳಿ ಬಂದು ಲಿಖಿತ ಪರೀಕ್ಷೆ ಬರೆಯಬಹುದು, ಆದರೆ ಜನವರಿಯ ಚಟುವಟಿಕೆಯನ್ನು ಮಾರ್ಚ್‌ನಲ್ಲಿ ಮಾಡಲು ಏರ್ಪಾಡಿಲ್ಲ. ಆಗ ಶಿಕ್ಷಕರ ಮುಂದೆ ಎರಡೇ ದಾರಿ: ಗೈರುಹಾಜರಿಗೆ ಸೊನ್ನೆ ಹಾಕಿ ಮಗುವಿನ ಭವಿಷ್ಯಕ್ಕೆ ಪೆಟ್ಟು ಕೊಡುವುದು, ಇಲ್ಲವೇ ಮಾಡದ ಕೆಲಸಕ್ಕೆ ಅಂಕ ಬರೆಯುವುದು. ಬಹುಪಾಲು ಶಿಕ್ಷಕರು ಎರಡನೆಯದನ್ನೇ ಆರಿಸುತ್ತಾರೆ. ಅದು ಕರುಣೆ, ಆದರೆ ಕರುಣೆಯನ್ನೂ ಅಳತೆಯನ್ನೂ ಒಂದೇ ಕಾಲಂನಲ್ಲಿ ಬರೆದರೆ ಓದುವವರಿಗೆ ಎರಡೂ ತಿಳಿಯುವುದಿಲ್ಲ. ಗುಳೆ ಹೋದ ಮಗುವಿಗೆ ಎಫ್‌ಎ 1 ಮತ್ತು 2ರ ಆಧಾರದ ಮೇಲೆ, ಅಥವಾ ಹೋದ ಊರಿನಲ್ಲೇ ಮಾಡಬಹುದಾದ ಕೆಲಸದ ಆಧಾರದ ಮೇಲೆ ಅಂಕ ಕೊಡುವ ಲಿಖಿತ ನಿಯಮವೊಂದಿದ್ದರೆ ಸುಳ್ಳು ಬರೆಯುವ ಅಗತ್ಯವೇ ಬೀಳದು. ಕಬ್ಬಿನ ಗಾಡಿಯ ತೂಕ, ಟನ್ನಿನ ದರ, ಕೊಯ್ತಾದ (ಕಬ್ಬು ಕಡಿಯುವ) ಜೋಡಿಗೆ ಸಿಗುವ ಮುಂಗಡ, ಇವುಗಳ ಲೆಕ್ಕ ಬರೆದು ತಂದ ಮಗುವಿನ ಪುಟ ಗಣಿತದ ಚಟುವಟಿಕೆಯಾಗಿ ಯಾವ ಚಾರ್ಟಿಗೂ ಕಡಿಮೆಯಲ್ಲ.

ಶಿಕ್ಷಕರ ಕೊರತೆ, ಅತಿಥಿ ಶಿಕ್ಷಕರು ತಡವಾಗಿ ಬರುವುದು, ವರ್ಷದ ನಡುವೆ ಬದಲಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಫ್‌ಎ 1 ಒಬ್ಬರು, ಎಫ್‌ಎ 4 ಇನ್ನೊಬ್ಬರು ಹಾಕಿದಾಗ ಒಂದೇ ಮಗುವಿನ ಇನ್ನೂರು ಅಂಕ ಎರಡು ಅಳತೆಗೋಲುಗಳ ಮೊತ್ತವಾಗಿರುತ್ತದೆ ಎಂಬುದಷ್ಟೇ ಇಲ್ಲಿ ಸೇರಿಸಬೇಕಾದ ಮಾತು.

ಶಾಲೆಯ ಅಂಕವನ್ನು ಸರಿದೂಗಿಸುವ ಕೆಲಸವನ್ನು ಬೇರೆ ಕಡೆಗಳಲ್ಲಿ ಮೂರು ಬಗೆಯಲ್ಲಿ ಮಾಡಿದ್ದಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಂತಿಮ ವಿಷಯಾಂಕದ ಅರ್ಧ ಶಾಲೆಯದು, ಅರ್ಧ ಪರೀಕ್ಷೆಯದು. ಆದರೆ ಶಾಲೆ ಕಳಿಸಿದ ಅಂಕ ಹಾಗೆಯೇ ಸೇರುವುದಿಲ್ಲ. ಶಾಲೆಯ ಅಂಕಗಳ ಸರಾಸರಿಯನ್ನು ಅದೇ ಮಕ್ಕಳ ಪರೀಕ್ಷಾ ಸರಾಸರಿಗೆ, ಶಾಲೆಯ ಅತಿ ಹೆಚ್ಚಿನ ಅಂಕವನ್ನು ಅದೇ ಗುಂಪಿನ ಅತಿ ಹೆಚ್ಚಿನ ಪರೀಕ್ಷಾ ಅಂಕಕ್ಕೆ ತಂದು ಕೂರಿಸುತ್ತಾರೆ. ಶಾಲೆಯೊಳಗಿನ ಸ್ಥಾನಕ್ರಮ ಮಾತ್ರ ಹಾಗೆಯೇ ಉಳಿಯುತ್ತದೆ. ಶಾಲೆ ಎಷ್ಟು ಉದಾರವಾಗಿ ಕೊಟ್ಟರೂ ಲಾಭವಿಲ್ಲ, ಯಾರು ಯಾರಿಗಿಂತ ಮುಂದು ಎಂಬ ಶಾಲೆಯ ತೀರ್ಪಿಗೆ ಮಾತ್ರ ಬೆಲೆ. ಈ ಸೂತ್ರವನ್ನು ಇಲ್ಲಿಗೆ ತಂದರೆ ಪರಿಣಾಮ ಕಠೋರ. ಒಂದು ಶಾಲೆಯಲ್ಲಿ ಆಂತರಿಕ ಸರಾಸರಿ 20ಕ್ಕೆ 18, ಲಿಖಿತ ಸರಾಸರಿ 80ಕ್ಕೆ 36 ಇದೆ ಎಂದುಕೊಂಡರೆ, ಸರಿದೂಗಿಸಿದ ಮೇಲೆ ಆ 18 ಇಳಿದು 9 ಆಗುತ್ತದೆ. ವಿಷಯದ ಸರಾಸರಿ 54ರಿಂದ 45ಕ್ಕೆ ಬರುತ್ತದೆ. ಇಷ್ಟು ದೊಡ್ಡ ಕುಸಿತವನ್ನು ಯಾವ ಸರ್ಕಾರವೂ ಹೊರಲಾರದು. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಗಣಿತದ್ದೇ. ಹತ್ತೋ ಹನ್ನೆರಡೋ ಮಕ್ಕಳಿರುವ ಮರಾಠಿ ಅಥವಾ ಉರ್ದು ಮಾಧ್ಯಮದ ಸಣ್ಣ ತರಗತಿಯಲ್ಲಿ ಇಬ್ಬರು ಪರೀಕ್ಷೆಯ ದಿನ ಜ್ವರದಲ್ಲಿ ಬರೆದರೆ ಸರಾಸರಿ ಕೆಳಗಿಳಿದು ಉಳಿದವರೆಲ್ಲರ ವರ್ಷದ ಕೆಲಸವೂ ಅದರ ಜೊತೆ ಕೆಳಗಿಳಿಯುತ್ತದೆ. ಮಕ್ಕಳ ಸಂಖ್ಯೆ ದೊಡ್ಡದಿರುವ ಕಡೆಗೆ ಮಾತ್ರ ಹೊಂದುವ ಸೂತ್ರವಿದು.

ಎರಡನೆಯ ಬಗೆ ಕ್ವೀನ್ಸ್‌ಲ್ಯಾಂಡ್ ರಾಜ್ಯದ್ದು. ಅಲ್ಲಿ 1970ರ ದಶಕದ ಆರಂಭದಲ್ಲಿ ಮಂಡಳಿ ಪರೀಕ್ಷೆಯನ್ನೇ ತೆಗೆದುಹಾಕಿ, ಸುಮಾರು ಐದು ದಶಕಗಳ ಕಾಲ ಶಾಲೆಯ ಅಂಕದ ಮೇಲೆಯೇ ವ್ಯವಸ್ಥೆ ನಡೆಸಿದರು. ಹೊರಗಿನ ಪರೀಕ್ಷೆ ಮರಳಿ ಬಂದದ್ದು 2020ರ ತಂಡಕ್ಕೆ. ಅಷ್ಟು ಕಾಲ ಅಂಕಗಳನ್ನು ಹದ್ದಿನಲ್ಲಿಟ್ಟದ್ದು ಸೂತ್ರವಲ್ಲ, ಶಿಕ್ಷಕರ ಸಮಿತಿಗಳು. ಒಂದು ಶಾಲೆಯ ಮಕ್ಕಳ ಕೆಲಸದ ಮಾದರಿಗಳನ್ನು ಇತರ ಶಾಲೆಗಳ ವಿಷಯ ಶಿಕ್ಷಕರು ಕೂತು ಓದಿ, ಕೊಟ್ಟ ದರ್ಜೆ ಒಪ್ಪಿಗೆಯೋ ಅಲ್ಲವೋ ಹೇಳುತ್ತಿದ್ದರು. ಈ ಎರಡು ತಾಲೂಕುಗಳಿಗೆ ಹೊಂದುವುದು ಇದೇ ಎಂಬ ಅಭಿಪ್ರಾಯಕ್ಕೆ ಕಾರಣಗಳಿವೆ. ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಬಸ್ಸಿನಲ್ಲಿ ಬೆಳಗ್ಗೆ ಹೋಗಿ ಸಂಜೆ ಮರಳುವಷ್ಟೇ ದೂರ. ವಿಷಯ ಶಿಕ್ಷಕರ ವೇದಿಕೆಗಳು ತಾಲೂಕು ಮಟ್ಟದಲ್ಲಿ ಈಗಾಗಲೇ ಸೇರುತ್ತವೆ. ಎಫ್‌ಎ 2 ಮುಗಿದ ಮೇಲೆ ಒಂದು ದಿನ, ಪ್ರತಿ ಶಾಲೆಯಿಂದ ಮೇಲಿನ, ನಡುವಿನ, ಕೆಳಗಿನ ಮಟ್ಟದ ಒಂದೆರಡು ಕೃತಿಸಂಪುಟ ತಂದು, ಅಂಕ ಮುಚ್ಚಿಟ್ಟು, ಬೇರೆ ತಾಲೂಕಿನ ಶಿಕ್ಷಕರಿಂದ ಅಂಕ ಹಾಕಿಸಿ ಹೋಲಿಸಿದರೆ ಯಾರ ಕೈ ಬಿಗಿ, ಯಾರದು ಸಡಿಲ ಎಂಬುದು ಆ ಸಂಜೆಗೇ ಗೊತ್ತಾಗುತ್ತದೆ. ಉರ್ದು ಮಾಧ್ಯಮದ ಬರವಣಿಗೆಯನ್ನು ಉರ್ದು ಮಾಧ್ಯಮದ ಶಿಕ್ಷಕರೇ, ಮರಾಠಿಯದನ್ನು ಮರಾಠಿಯವರೇ ಓದಲು ಎರಡು ತಾಲೂಕು ಸೇರಿದರೆ ಮಾತ್ರ ಸಾಕಷ್ಟು ಮಂದಿ ಸಿಗುತ್ತಾರೆ. ಅಲ್ಲಿ ಕಂಡ ವ್ಯತ್ಯಾಸಕ್ಕೆ ನೋಟಿಸು ಕೊಡುವಂತಿರಬಾರದು. ಕೊಟ್ಟರೆ ಮುಂದಿನ ವರ್ಷ ಎಲ್ಲರ ಅಂಕವೂ ಒಂದೇ ಆಗಿರುತ್ತದೆ, ಅಳತೆ ಮಾತ್ರ ಇರುವುದಿಲ್ಲ.

ಮೂರನೆಯದು ಬೇರೆಯಾಗಿಯೇ ತೋರಿಸುವ ಬಗೆ, ಅಂದರೆ ಕೊಠಾರಿ ಆಯೋಗದ ಹಳೆಯ ಷರತ್ತು. ಇಂಗ್ಲೆಂಡಿನಲ್ಲಿ ಜಿಸಿಎಸ್‌ಇ ಇಂಗ್ಲಿಷ್ ವಿಷಯದ ಮಾತುಗಾರಿಕೆ ಮತ್ತು ಆಲಿಸುವಿಕೆಯ ಅಂಕವನ್ನು 2014ರಿಂದ ಅಂತಿಮ ದರ್ಜೆಯಿಂದ ತೆಗೆದು, ಪ್ರಮಾಣಪತ್ರದಲ್ಲಿ ಪ್ರತ್ಯೇಕವಾಗಿ ನಮೂದಿಸತೊಡಗಿದರು. ಆಮೇಲಿನ ಸುಧಾರಣೆಯಲ್ಲಿ ಹೆಚ್ಚಿನ ವಿಷಯಗಳಿಂದ ಶಾಲಾ ಕೆಲಸದ ಅಂಕವೇ ಹೊರಟುಹೋಯಿತು. ಬೇರೆ ಕಾಲಂಗೆ ಹೋದ ಅಂಕವನ್ನು ಯಾರೂ ಕೇಳುವುದಿಲ್ಲ, ಕೇಳದ ಅಂಕಕ್ಕಾಗಿ ಯಾರೂ ಕೆಲಸ ಮಾಡುವುದಿಲ್ಲ ಎಂಬ ಆತಂಕಕ್ಕೆ ಆಧಾರವಿದೆ. ಅಂಚೆ ಇಲಾಖೆಯ ಅರ್ಜಿಯೂ ಮೊತ್ತವನ್ನೇ ಕೇಳುವ ನಾಡಿನಲ್ಲಿ ಈ ದಾರಿ ಚಟುವಟಿಕೆಯನ್ನೇ ಕೊಲ್ಲುವ ಸಾಧ್ಯತೆ ಹೆಚ್ಚು.

ಅಳತೆ ಸರಿಯಾಗಬೇಕಾದರೆ ಅಳೆಯುವ ಕೆಲಸವೂ ಅಳೆಯಲು ಯೋಗ್ಯವಾಗಿರಬೇಕು. ಪ್ರಾಜೆಕ್ಟ್ ಎಂದರೆ ಜೆರಾಕ್ಸ್ ಅಂಗಡಿಯ ಪ್ರಿಂಟ್‌ಔಟ್, ಪುಸ್ತಕದಂಗಡಿಯ ಸಿದ್ಧ ಚಾರ್ಟ್, ಈಗೀಗ ಮೊಬೈಲ್ ಬರೆದುಕೊಡುವ ಪ್ರಬಂಧ. ಒಂದು ತರಗತಿಯ ನಲವತ್ತು ಪುಸ್ತಕಗಳಲ್ಲಿ ತಾಜಮಹಲಿನ ಒಂದೇ ಚಿತ್ರ ಅಂಟಿದ್ದರೆ ಶಿಕ್ಷಕರು 15ಕ್ಕೆ 14 ಹಾಕದೆ ಮತ್ತೇನು ಮಾಡಿಯಾರು? ವ್ಯತ್ಯಾಸವಿಲ್ಲದ ಕೆಲಸಕ್ಕೆ ವ್ಯತ್ಯಾಸದ ಅಂಕ ಬೀಳದು. ಅಂಕದ ಹರವು ಕುಗ್ಗುವುದು ಅಂಕವಹಿಯಲ್ಲಲ್ಲ, ಚಟುವಟಿಕೆಯ ಆಯ್ಕೆಯಲ್ಲೇ.

ಈ ಸೀಮೆಯಲ್ಲಿ ವಸ್ತುವಿಗೆ ಬರವಿಲ್ಲ. ಹುಮನಾಬಾದ್ ತಾಲೂಕಿನ ಜಲಸಂಗಿಯ ದೇವಾಲಯದ ಗೋಡೆಯಲ್ಲಿ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಶಾಸನವನ್ನು ಬರೆಯುತ್ತಿರುವ ಶಿಲಾಬಾಲಿಕೆ ನಿಂತಿದ್ದಾಳೆ. ಹತ್ತನೇ ತರಗತಿಯ ಮಗು ಆಕೆಯನ್ನು ಅಂತರ್ಜಾಲದಿಂದ ಕತ್ತರಿಸಿ ಅಂಟಿಸಬಹುದು. ಅಥವಾ ಅಲ್ಲಿಗೆ ಹೋಗಿ, ಕೈಯ ಭಂಗಿ, ಅಕ್ಷರದ ಎತ್ತರ, ಕಲ್ಲು ಸವೆದ ಜಾಗ ಗುರುತಿಸಿ, ಊರವರು ಆಕೆಯ ಬಗ್ಗೆ ಏನು ಹೇಳುತ್ತಾರೆಂದು ಕೇಳಿ ಬರೆಯಬಹುದು. ಎರಡನೆಯದಕ್ಕೆ 6ರಿಂದ 15ರವರೆಗೆ ಎಲ್ಲ ಅಂಕವೂ ಸಾಧ್ಯ. ಬಸವಕಲ್ಯಾಣದ ಕೋಟೆ, ನಾರಾಯಣಪುರದ ಶಿವಾಲಯ, ತ್ರಿಪುರಾಂತ ಕೆರೆಗಳೂ ಹೀಗೆಯೇ ಕಾದಿವೆ. ವಿಜ್ಞಾನೇಶ್ವರನ ‘ಮಿತಾಕ್ಷರ’ ಕಲ್ಯಾಣದಲ್ಲೇ ರಚನೆಯಾದ ಕೃತಿ. ಊರಿನ ಆಸ್ತಿ ಪಾಲಿನ ರೂಢಿಗಳನ್ನು ಮನೆಮನೆ ಕೇಳಿ ಬರೆದರೆ ಸಮಾಜ ವಿಜ್ಞಾನದ ಪಾಠಕ್ಕೂ ಆ ಹಳೆಯ ಗ್ರಂಥಕ್ಕೂ ತಾನಾಗಿಯೇ ನಂಟು ಬೆಳೆಯುತ್ತದೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಸುತ್ತಲಿನ ಬಾವಿನೀರಿನ ಬಣ್ಣ, ವಾಸನೆ, ಗಡಸುತನವನ್ನು ತಿಂಗಳಿಗೊಮ್ಮೆ ಗುರುತಿಸುವುದು ರಸಾಯನಶಾಸ್ತ್ರ. ಸೋಯಾ, ತೊಗರಿಯ ಮಾರುಕಟ್ಟೆ ದರವನ್ನು ಹಂಗಾಮಿನುದ್ದಕ್ಕೂ ಬರೆದು ನಕ್ಷೆ ಎಳೆಯುವುದು ಗಣಿತ. ಸಂತೆಯಲ್ಲಿ ಒಂದೇ ವಸ್ತುವಿಗೆ ಕನ್ನಡ, ಮರಾಠಿ, ದಖನಿಗಳಲ್ಲಿ ಇರುವ ಹೆಸರುಗಳನ್ನು ಕಲೆಹಾಕುವುದು ಮೂರೂ ಭಾಷಾ ವಿಷಯಗಳಿಗೆ ಸಲ್ಲುವ ಕೆಲಸ. ಇವುಗಳಲ್ಲಿ ಯಾವುದನ್ನೂ ಒಂದು ರಾತ್ರಿಯಲ್ಲಿ ಮಾಡಿ ಮುಗಿಸಲು ಬರುವುದಿಲ್ಲ, ಇನ್ನೊಬ್ಬರದನ್ನು ನಕಲು ಮಾಡಲೂ ಬರುವುದಿಲ್ಲ. ಜೊತೆಗೆ, ಐದು ನಿಮಿಷ ಮಗುವನ್ನು ಎದುರು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿದರೆ ಕೆಲಸ ಯಾರದೆಂಬುದು ಯಾವ ತಂತ್ರಾಂಶದ ಸಹಾಯವೂ ಇಲ್ಲದೆ ತಿಳಿಯುತ್ತದೆ.

ಅಂಕ ಕೊಡುವ ಮಾನದಂಡವನ್ನು ಚಟುವಟಿಕೆ ಆರಂಭಿಸುವ ದಿನವೇ ಮಕ್ಕಳಿಗೆ ಹೇಳಬೇಕು ಎಂಬುದರಲ್ಲಿ ಹೆಚ್ಚು ಚರ್ಚೆಗೆ ಎಡೆಯಿಲ್ಲ. ಚರ್ಚೆ ಬೇಕಾದದ್ದು ಆಮೇಲಿನ ಹಂತಕ್ಕೆ. ಲಿಖಿತ ಉತ್ತರಪತ್ರಿಕೆಯ ನಕಲು ಪ್ರತಿ ತರಿಸಿಕೊಳ್ಳಲು, ಮರುಮೌಲ್ಯಮಾಪನ ಕೇಳಲು ವಿದ್ಯಾರ್ಥಿಗೆ ಮಂಡಳಿಯಲ್ಲಿ ದಾರಿಯಿದೆ. ಆಂತರಿಕ ಅಂಕ ಆನ್‌ಲೈನ್‌ಗೆ ಏರಿದ ಮೇಲೆ ಮಗುವಿನ ಮಟ್ಟಿಗೆ ಅದು ಮುಗಿದ ಮಾತು, ಎಷ್ಟೋ ಮಕ್ಕಳಿಗೆ ಅಂಕಪಟ್ಟಿ ಬರುವವರೆಗೆ ಅದು ಎಷ್ಟೆಂಬುದೂ ಗೊತ್ತಿರುವುದಿಲ್ಲ. ಏರಿಸುವ ಮೊದಲು ನಾಲ್ಕೂ ಎಫ್‌ಎಗಳ ವಿವರವಿರುವ ಪಟ್ಟಿಯನ್ನು ಮಗುವಿಗೂ ಪೋಷಕರಿಗೂ ತೋರಿಸಿ ಸಹಿ ಪಡೆಯುವುದು, ತಕರಾರಿದ್ದರೆ ಬೇರೆ ಶಾಲೆಯ ವಿಷಯ ಶಿಕ್ಷಕರೊಬ್ಬರಿಂದ ಕೃತಿಸಂಪುಟವನ್ನು ಮತ್ತೊಮ್ಮೆ ನೋಡಿಸುವುದು ತಾಲೂಕು ಮಟ್ಟದಲ್ಲೇ ಆಗಬಹುದಾದ ಕೆಲಸ. ಮೊದಲ ಮಂಡಳಿ ಪರೀಕ್ಷೆಯ ನಂತರ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವವರ ಮೊತ್ತಕ್ಕೂ ಅದೇ ಆಂತರಿಕ ಅಂಕ ಸೇರುವುದರಿಂದ, ಕೃತಿಸಂಪುಟಗಳು ಕೊನೆಯ ಪರೀಕ್ಷೆಯ ಫಲಿತಾಂಶ ಪ್ರಕಟವಾಗುವವರೆಗೆ ಶಾಲೆಯ ಕಪಾಟಿನಲ್ಲಿ ಇರಬೇಕಾಗುತ್ತದೆ.